ಗೇಟಿನ ಗಂಟು

ಮಾವನ ಕೋಟಿನ ಜೇಬಿನಲ್ಲಿ ಸಿಕ್ಕಿದ್ದು:
ನೀಲಿ ನೈಲಾನ್ ದಾರ, ಒಂದು ಪೆಪ್ಪರ್‌ಮಿಂಟು,
ಸತ್ತ ಕುರಿಯ ಕಿವಿಬಿಲ್ಲೆ, ನಂಬರು ಮಾಸಿದ್ದು.

ಎಪ್ಪತ್ತೊಂಬತ್ತು ವರ್ಷ
ರಾಡ್ನರ್ ಸೀಮೆಯ ಈ ಗುಡ್ಡ ಹತ್ತಿ ಇಳಿದ ಎಮ್ರಿಸ್ ಪ್ರಾಬರ್ಟ್
ಹೊಗಳಿದ್ದು ನಾಯಿಯೊಂದನ್ನೇ,
ಅದೂ ಅದು ಮಲಗಿದ ಮೇಲೆ.
ನನ್ನ ಸೊಪ್ಪಿನ ಹುಳಿಗೆ ‘ಅಡ್ಡಿಯಿಲ್ಲ’ ಅಂದ ದಿನವನ್ನು
ಅತ್ತೆ ಕ್ಯಾಲೆಂಡರಿನಲ್ಲಿ ಬರೆದಿಟ್ಟರು.

ನಮ್ಮ ಮದುವೆ ಊಟದಿಂದಲೂ ನಡುವೆಯೇ ಎದ್ದು ಹೋದರು,
ಹಸುವೊಂದು ಈಯುವುದಿತ್ತು.

ಮಾರ್ಚಿಯ ಹಿಮದಲ್ಲಿ ತಬ್ಬಲಿ ಮರಿಗಳನ್ನು
ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಲೆಯ ಬುಡದಲ್ಲಿ
ರಾತ್ರಿಯಿಡೀ ಕೂತಿದ್ದು, ಬೆಳಗ್ಗೆ
‘ಯಾಕೋ ನಿದ್ದೆ ಬರಲಿಲ್ಲ’ ಎಂದು ಸುಳ್ಳು ಹೇಳುವರು.

ತಿಪಟೂರಿನಿಂದ ಅಮ್ಮ, ಫೋನಿನಲ್ಲೂ ದನಿ ತಗ್ಗಿಸಿ:
‘ನಿಮ್ಮ ಮಾವ ಗಂಟೇನಾದರೂ ಇಟ್ಟು ಹೋದರೇನೇ?’

ಇಟ್ಟಿದ್ದಾರಮ್ಮ.
ಮೇಲಿನ ಹೊಲದ ಗೇಟಿಗೆ,
ಆಸ್ಪತ್ರೆಗೆ ಹೊರಡುವ ಮುಂಚೆ, ಅದೇ ನೀಲಿ ದಾರದಲ್ಲಿ ಬಿಗಿದದ್ದು.
ಬಿಚ್ಚಲು ಮೂರು ಮಕ್ಕಳಿಗೂ ಬರುವುದಿಲ್ಲ.
ಚಾಕು ಎಲ್ಲರ ಜೇಬಿನಲ್ಲೂ ಇದೆ.

ದಿನಾ ಬೆಳಗ್ಗೆ
ಗೇಟು ಹತ್ತಿ ದಾಟುತ್ತೇವೆ.