ಸೇರಿನ ಲೆಕ್ಕ

ಸೋಮವಾರ ಹನ್ನೊಂದಕ್ಕೆ ಆಡಳಿತ ಮಂಡಳಿಯ ಸಭೆ.
ಭಾನುವಾರ ರಾತ್ರಿ ನನ್ನ ಮುಂದೆ
ಏಳು ವರ್ಷದ ಅಂಕಿಗಳು, ಆರಿದ ಚಹಾ,
ಹದಡಿ ರಸ್ತೆಯ ಲಾರಿಗಳ ಹಾರನ್ನು.
'ಗೆರೆ ಮೇಲಕ್ಕೇ ಹೋಗ್ಬೇಕು ನೋಡ್ರಿ ಮೇಡಂ'
ಎಂದಿದ್ದಾರೆ ಕುಲಸಚಿವರು, ನಗುತ್ತಲೇ.

ಮೇಲಕ್ಕೇ ಹೋಗುತ್ತದೆ, ಅದಕ್ಕೇನು ದಾಡಿ?
ನಾಲ್ಕು ವಿಭಾಗ ಹತ್ತೊಂಬತ್ತಾಗಿವೆ.
ಹತ್ತಿ ಗಿರಣಿಯ ಗೋದಾಮಿದ್ದ ಜಾಗದಲ್ಲಿ
ಇ ಬ್ಲಾಕು, ಗಾಜಿನ ಮೈ,
ಲಿಫ್ಟು ಇದೆ, ಓಡಾಡುವುದಿಲ್ಲ.
ಹರಪನಹಳ್ಳಿಗೆ, ಜಗಳೂರಿಗೆ, ಚನ್ನಗಿರಿಗೆ
ಹಳದಿ ಬಸ್ಸುಗಳು ನಸುಕಿಗೇ ಹೊರಡುತ್ತವೆ
ಹುಡುಗರನ್ನು ಬಿಡಿಸಿಕೊಂಡು ಬರಲು,
ಹತ್ತಿ ಬಿಡಿಸಿದ ಹಾಗೆ.

ಹೈದರಾಬಾದಿನಿಂದ ಬಂದ ಸಲಹೆಗಾರ
ಪರದೆಯ ಮೇಲೆ ನಾಲ್ಕು ಮನೆ ತೋರಿಸಿದ್ದ:
ಹಳೇ ಕೋರ್ಸು ಹಳೇ ಊರು,
ಹಳೇ ಕೋರ್ಸು ಹೊಸ ಊರು,
ಹೊಸ ಕೋರ್ಸು ಹಳೇ ಊರು,
ನಾಲ್ಕನೆಯ ಮನೆಗೆ ಬಂದಾಗ ದನಿ ತಗ್ಗಿಸಿ
'ಹೊಸದಕ್ಕೆ ಹೊಸದು' ಎಂದ.
ಚೌಕಾಬಾರ ಆಡಿ ಬೆಳೆದವಳು ನಾನು;
ಕಾಯಿ ಕಡಿಯುವವರು ಯಾವ ಮನೆಯಲ್ಲಿ ಕೂತಿದ್ದಾರೆ
ಎಂದು ಕೇಳಬೇಕೆನ್ನಿಸಿತು.
ಅಷ್ಟರಲ್ಲಿ ಪರದೆ ಆರಿತು, ಎಲ್ಲರೂ ಊಟಕ್ಕೆ ಎದ್ದರು.

ಆ ನಾಲ್ಕನೆಯ ಮನೆಗೆ ಮೊದಲು ನಡೆದ ಕಾಯಿ
ಸಸ್ಯಶಾಸ್ತ್ರದ ಗುರುಬಸಯ್ಯ.
ಎಂಟು ವಾರದ ತರಬೇತಿ, ಒಂದು ಪ್ರಮಾಣಪತ್ರ,
ಈಗ ಡಾಟಾ ಸೈನ್ಸ್ ಪಾಠ.
ಡಿಸಿಷನ್ ಟ್ರೀ ಬಂದ ದಿನ
ಬೇರು, ಕಾಂಡ, ಎಲೆ ಎಂದು ಹಳೇ ರಾಗದಲ್ಲಿ ಶುರುಮಾಡಿ
ಪತ್ರಹರಿತ್ತಿನವರೆಗೂ ಹೋಗಿಬಿಟ್ಟನಂತೆ.
ಹುಡುಗರು ನಕ್ಕರು. ಅವನೂ ನಕ್ಕ.
ಸ್ಟಾಫ್ ರೂಮಿಗೆ ಬಂದು ಬಹಳ ಹೊತ್ತು ನೀರು ಕುಡಿದ.

ಕೊಟ್ರಪ್ಪನ ಪ್ರಯೋಗಾಲಯದಲ್ಲಿ
ಇಪ್ಪತ್ತನಾಲ್ಕು ಹುಡುಗರಿಗೆ ಹನ್ನೆರಡು ಮೈಕ್ರೋಸ್ಕೋಪು, ಆಗ.
ಈಗ ಇನ್ನೂರ ನಲವತ್ತಕ್ಕೆ ಹದಿನಾಲ್ಕು,
ಅದರಲ್ಲಿ ಮೂರಕ್ಕೆ ಕಣ್ಣು ಮಂಜು.
'ಸಾಲಾಗಿ ಬರ್ರಿ, ನೋಡ್ರಿ, ಮುಂದಕ್ಕೆ ಹೋಗ್ರಿ'
ಗರ್ಭಗುಡಿಯ ಬಾಗಿಲಲ್ಲಿ ನಿಂತವನ ದನಿ ಅವನದು.
ಜೀವಕೋಶದ ದರ್ಶನ
ತಲೆಗೆ ಹನ್ನೊಂದು ಸೆಕೆಂಡು.

ನನ್ನ ವಿಭಾಗದ ಮುಬೀನಾ
ಪ್ರಾಜೆಕ್ಟಿಗೆ ಅಪ್ಪನ ಮಂಡಕ್ಕಿ ಭಟ್ಟಿಯನ್ನೇ ಆರಿಸಿಕೊಂಡಳು.
ಮೌಖಿಕ ಪರೀಕ್ಷೆಯ ದಿನ ತಕ್ಕಡಿ ಹೊತ್ತು ತಂದಳು.
'ಅಕ್ಕಿ ನೂರು ಗ್ರಾಂ ಸರ್.
ಅದೇ ಅಕ್ಕಿ ಅರಳಿದ ಮೇಲೆ ತೊಂಬತ್ತೊಂದು.
ನೀರು ಹೋಗ್ತದಲ್ಲ.
ಅದ್ಕೇ ನಾವು ಸೇರಿನ ಲೆಕ್ಕದಲ್ಲಿ ಮಾರೋದು.'
ಹೊರಗಿನ ಪರೀಕ್ಷಕರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು
'ಸಹಸಂಬಂಧ ಎಷ್ಟು ಬಂತಮ್ಮ?' ಎಂದರು.
ಹೇಳಿದಳು, ಮೂರು ದಶಮಾಂಶದವರೆಗೆ.
ಆಮೇಲೆ, ಯಾರೂ ಕೇಳದಿದ್ದರೂ:
'ಮರಳು ಕಾಯೋಕೆ ಮುಂಚೆ ಸುರಿದ್ರೆ ಅರಳಲ್ಲ,
ತಡ ಮಾಡಿದ್ರೆ ಸೀದು ಹೋಗ್ತದೆ.
ಅಬ್ಬಾ ಥರ್ಮಾಮೀಟರ್ ಇಟ್ಟಿಲ್ಲ ಸರ್,
ಸದ್ದು ಕೇಳ್ತಾರೆ.'

ಆದರೆ ಇದೂ ನಿಜ:
ನಾಲ್ಕೇ ವಿಭಾಗದ ಕಾಲದಲ್ಲಿ
ಮುಬೀನಾ ನಮ್ಮ ಗೇಟು ದಾಟುತ್ತಿರಲಿಲ್ಲ.
ಸೀಟು ಹೆಚ್ಚಿದ್ದಕ್ಕೇ ಫೀಸು ಇಳಿದದ್ದು,
ಭಟ್ಟಿ ಬೀದಿಯ ತುದಿಗೂ ಬಸ್ಸು ಬಂದದ್ದು,
ನನ್ನ ಕೆಲಸ ಕಾಯಂ ಆದದ್ದು.
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?
ಹನ್ನೊಂದು ಸೆಕೆಂಡನ್ನು ಯಾವುದರಿಂದ ಕಳೆಯಲಿ?

ಎರಡು ಗಂಟೆಗೆ ನಕ್ಷೆ ಮುಗಿಯಿತು.
ಒಟ್ಟು ಪ್ರವೇಶ: ಕಡುನೀಲಿ ಗೆರೆ, ದಪ್ಪಗೆ,
ಬಲ ಮೂಲೆಗೆ ಏರಿದೆ.
ಅದರ ಕೆಳಗೆ ಯಾರೂ ಕೇಳದ ಇನ್ನೊಂದು:
ಒಬ್ಬ ವಿದ್ಯಾರ್ಥಿಗೆ ಎಷ್ಟು ಮೇಷ್ಟ್ರು, ಎಷ್ಟು ಪುಸ್ತಕ,
ಎಷ್ಟು ಹೊತ್ತು ಬೆಳಕು ಬಿದ್ದ ಮಸೂರ.
ಮೂರು ವರ್ಷ ಸಮನಾಗಿ ನಡೆದು
ಇ ಬ್ಲಾಕು ಎದ್ದ ವರ್ಷದಿಂದ ಬಾಗುತ್ತದೆ.
ಅಳಿಸಲು ಕೈ ಬರಲಿಲ್ಲ.
ಕೆಂಪು ಕೊಡಲು ಧೈರ್ಯ ಬರಲಿಲ್ಲ.
ಬೂದು ಬಣ್ಣ ಕೊಟ್ಟು, ತೆಳ್ಳಗೆ ಮಾಡಿ, ಮಲಗಿದೆ.

ಬೆಳಿಗ್ಗೆ ಹತ್ತೂವರೆಗೆ ಸಭಾಂಗಣದಲ್ಲಿ
ಪ್ರೊಜೆಕ್ಟರ್ ಹಚ್ಚಿ ನೋಡುತ್ತಿದ್ದ ಕೊಟ್ರಪ್ಪ
ಸ್ಟೂಲಿನ ಮೇಲಿಂದ ತಿರುಗಿ ಕೇಳಿದ,
ಕೈಯಲ್ಲಿ ಒದ್ದೆ ಬಟ್ಟೆ:
'ಗಾಜಿನ ಮ್ಯಾಲೆ ಕೂದ್ಲು ಕೂತೈತೇನ್ರಿ ಮೇಡಂ?
ಒರೆಸ್ಲಾ?'