ಮುದ್ದೆಮಾಲು

ಪುಟ್ಟರಂಗ ಬಿನ್ ಲೇಟ್ ಕುಳ್ಳಯ್ಯ,
ವೆಲ್ಡಿಂಗ್ ಕೆಲಸ, ಪಾಳ್ಯ, ಆಲೂರು ತಾಲ್ಲೂಕು.
ಮೂರು ಸಲ ಕೂಗಿದ ದಫೇದಾರ,
ನಾನು ಮೊದಲನೆಯದಕ್ಕೇ ಎದ್ದು ನಿಂತಿದ್ದರೂ.
ಸತ್ತ ಅಪ್ಪನೂ ನನ್ನ ಜೊತೆ ಕಟಕಟೆ ಹತ್ತಿದ.
ಬದುಕಿದ್ದಾಗ ಅವನನ್ನು ಯಾರೂ
ಪೂರ್ತಿ ಹೆಸರಿಡಿದು ಕರೆದದ್ದಿಲ್ಲ.

ಮೇಜಿನ ಮೇಲೆ ನನ್ನ ಗ್ಯಾಸ್ ಕಟರ್,
ಬಿಳಿ ಬಟ್ಟೆ ಸುತ್ತಿ, ಚೀಟಿ ಕಟ್ಟಿ, ಅರಗು ಒತ್ತಿ.
ಮುದ್ದೆಮಾಲು ಅಂತಾರೆ ಅದಕ್ಕೆ.
ಸುಳ್ಳಲ್ಲ. ಹನ್ನೊಂದು ವರ್ಷ
ನನ್ನ ಮನೆಯ ಮುದ್ದೆ ಬೆಂದದ್ದು ಅದರ ಉರಿಯಲ್ಲೇ.

ಗೇಟು ಮಾಡಿದವನೂ ನಾನೇ.
ಇದನ್ನು ಯಾರೂ ಕೇಳಲಿಲ್ಲ, ಹೇಳಲು ಲಾಯರು ಬಿಡಲಿಲ್ಲ.
ಹಳೇ ಗೇಟನ್ನು ಆನೆ ಕಿತ್ತು
ಕಾಫಿ ಗಿಡದ ಮೇಲೆ ಒಗೆದಿತ್ತು.
ಫಾರೆಸ್ಟಿನವರು ಬಂದು ಫೋಟೋ ಹೊಡೆದು ಪರಿಹಾರ ಬರೆದರು.
ಆ ಫಾರಮ್ಮಿನಲ್ಲಿ ಆರೋಪಿಯ ಹೆಸರಿಗೆ ಜಾಗವೇ ಇರಲಿಲ್ಲ.
ಸಾಹುಕಾರ್ರು ಕರೆಸಿ, "ಆನೆಗೂ ಬಗ್ಗಬಾರದು ನೋಡು" ಅಂದರು.
ಎರಡಿಂಚಿನ ಪೈಪು, ಹದಿನಾರು ಕಂಬಿ,
ಬೇರಿಂಗ್ ಕೂರಿಸಿದ ಕೀಲು.
ಮಗು ತಳ್ಳಿದರೂ ತೆರೆಯುತ್ತಿತ್ತು, ಸದ್ದಿಲ್ಲದೆ.
ಅಂಥ ಗೇಟು ನಾನು ಮತ್ತೆ ಮಾಡಿಲ್ಲ.
ಹತ್ತೊಂಬತ್ತು ಸಾವಿರ. ಬಾಕಿ ಎರಡು ಇನ್ನೂ ಬಂದಿಲ್ಲ.

ಬೀಗ ನನ್ನದಲ್ಲ. ಅದು ಆಮೇಲೆ ಬಂತು.

ಸಾಕವ್ವ ತೀರಿಕೊಂಡದ್ದು ಮಂಗಳವಾರ.
ಗೇಟಿನ ಆಚೆ, ಸಿಲ್ವರ್ ಮರಗಳ ಬುಡದಲ್ಲಿ
ಅವಳ ಗಂಡ, ಒಂದು ಕೂಸು, ನನ್ನಪ್ಪ
ಮೊದಲೇ ಹೋಗಿ ಮಲಗಿರುವ ಜಾಗ.
ಚಟ್ಟ ಹೊತ್ತು ನಿಂತೆವು. ರೈಟರ್ ಫೋನು ಸ್ವಿಚಾಫ್.
ಬೀಗದ ಕೈ ಹಾಸನಕ್ಕೆ ಮದುವೆಗೆ ಹೋಗಿತ್ತು.
ನಾಲ್ಕೂವರೆ. ಐದು. ಐದೂಮುಕ್ಕಾಲು.
ಹೆಗಲು ಬದಲಾಯಿಸಿದೆವು. ಕೊನೆಗೆ ಟಾರಿನ ಮೇಲೆ ಇಳಿಸಿದೆವು.
ಕತ್ತಲಾದರೆ ಅದು ಆನೆ ದಾಟುವ ದಾರಿ.
ಮೊಮ್ಮಗಳು ಹೂವಿನ ಮೇಲಿನ ನೊಣ ಓಡಿಸುತ್ತಾ
ನನ್ನ ಕಡೆ ನೋಡಿದಳು.
ಏನೂ ಕೇಳಲಿಲ್ಲ. ನೋಡಿದಳು, ಅಷ್ಟೆ.

ಹೋಗಿ ಸಿಲಿಂಡರು ತಂದೆ.

ಬೀಗ ಕತ್ತರಿಸಿದ್ದರೆ ಸಾಕಿತ್ತು.
ನಿಮಗೆ ಹೇಳುತ್ತೇನೆ, ಅವರಿಗೆ ಹೇಳಿಲ್ಲ:
ಬೀಗ ಬಿಟ್ಟು ಕೀಲಿಗೇ ಉರಿ ಹಿಡಿದೆ.
ನನ್ನ ಕೈಯ ಟಾಕಾ ನನಗೆ ಗೊತ್ತಿಲ್ಲವೇ,
ಎಲ್ಲಿ ಆಳಕ್ಕೆ, ಎಲ್ಲಿ ತೋರಿಕೆಗೆ.
ಕಬ್ಬಿಣ ಕೆಂಪಾಗಿ, ಹಳದಿಯಾಗಿ, ಬೆವರಿತು.
ಗೇಟು ಮಲಗಿತು.
ಅದರ ಮೇಲೇ ನಡೆದುಕೊಂಡು ಹೋದೆವು, ಸಾಕವ್ವನ ಸಮೇತ.
ಖುಷಿಯಾಯಿತಾ ಅಂದರೆ,
ಆಯಿತು. ಹೆಣದ ಮುಂದೆ ಆಗಬಾರದಿತ್ತು. ಆಯಿತು.

ಚಾರ್ಜ್‌ಶೀಟಿನಲ್ಲಿ ನಷ್ಟ ನಲವತ್ತೆಂಟು ಸಾವಿರ.
ಇಪ್ಪತ್ತು ಮುಟ್ಟಿದರೆ ಎರಡು ವರ್ಷದವರೆಗೂ ಹೋಗುತ್ತದಂತೆ,
ಲಾಯರು ಕನ್ನಡಕ ಒರೆಸುತ್ತಾ ಹೇಳಿದರು.
ನನ್ನ ಬಿಲ್ ಬುಕ್ಕಿನ ಕಾರ್ಬನ್ ಹಾಳೆಯಲ್ಲಿ
ಹತ್ತೊಂಬತ್ತು ಹಾಗೇ ನೀಲಿಯಾಗಿದೆ.
ರಾತ್ರಿ ಮಲಗಿದಾಗ ನಗು ಬಂತು:
ನನ್ನ ಕೆಲಸಕ್ಕೆ ಇಷ್ಟು ಬೆಲೆ ಕಟ್ಟಿದವರು
ಪೊಲೀಸರೇ ಮೊದಲು.

"ತಪ್ಪು ಒಪ್ಪಿಕೊಳ್ತೀಯಾ?"
ಇಲ್ಲ ಅನ್ನು ಅಂತ ನಿನ್ನೆಯೇ ಕಲಿಸಿದ್ದರು.
ಇಲ್ಲ ಅಂದೆ. ನಾಲಿಗೆ ಅಂಟಿಕೊಂಡಿತ್ತು.
ವಾಯಿದೆ ಹದಿನೇಳಕ್ಕೆ.
ಹೊರಗೆ ಬರುವಾಗ ಕೋರ್ಟಿನ ಗೇಟು ಕಿರ್ ಅಂತು.
ಒಂದು ಹನಿ ಎಣ್ಣೆ ಬಿಡುವವರಿಲ್ಲ.

ಸಂಜೆ ಫೋನು ಬಂತು. ನಯಾಜ್,
ನನ್ನ ಹತ್ತಿರವೇ ಕೆಲಸ ಕಲಿತ ಹುಡುಗ.
"ಅಣ್ಣಾ, ಸಾಹುಕಾರ್ರು ಹೊಸ ಗೇಟು ನಂಗೆ ಹೇಳವ್ರೆ.
ಆಗಲ್ಲ ಅಂದ್ಬಿಡ್ಲಾ?"
ಮಾಡು ಅಂದೆ. ಬೇರಿಂಗ್ ಹಾಕು.
ದುಡ್ಡು ಮಾತ್ರ ಮೊದಲೇ ಪೂರ್ತಿ ಇಸ್ಕೊ.
ಆ ಕಡೆ ಗ್ರೈಂಡರು ತಿರುಗಿ ತಿರುಗಿ ನಿಂತಿತು.
"ಕೀಲಿಗೆ ಟಾಕಾ ಎಷ್ಟು ಹಾಕ್ಲಿ ಅಣ್ಣಾ?"

ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ.

ತೋರಿಕೆಗೆ ಎಷ್ಟು ಬೇಕೋ ಅಷ್ಟು,
ಅಂದೆ.