ಅಂದಾಜು

ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿ, ಶಾಲೆಯ ವರಾಂಡ,
ಕಾರ್ಡು ಮಾಡಿಸುವ ಶಿಬಿರ.
ನನ್ನ ಮುಂದೆ ಹದಿನಾಲ್ಕು ಖಾಲಿ ಚೌಕ,
ಒಂದೊಂದಕ್ಕೂ ಒಂದೊಂದು ಹಠ.

ಹೆಸರಿನ ಚೌಕ ಒಂಟಿ ಹೆಸರನ್ನು ಒಲ್ಲದು.
'ಚಮನ್‌ಬೀ' ಎಂದು ಹೊಡೆದರೆ ಕೆಂಪಗಾಗಿ
ಮುಂದಿನದೆಲ್ಲಿ ಎನ್ನುತ್ತದೆ.
ಒಂದು ಚುಕ್ಕಿ ಇಟ್ಟೆ.
ಚುಕ್ಕಿಯೇ ಅವಳ ಮನೆತನ. ಒಪ್ಪಿತು.

ಕಸುಬು?
'ಮರಳು ಕಾಯಿಸ್ತೀನಿ, ಅಕ್ಕಿ ಹುಯ್ತೀನಿ, ಜರಡಿ ಹಿಡೀತೀನಿ.'
ಪಟ್ಟಿಯ ಕೊನೆಯ 'ಇತರೆ'ಗೆ
ಮೂರೂ ಒಟ್ಟಿಗೆ ಜಾರಿದವು.

ಮನೆಯಲ್ಲಿ ಎಷ್ಟು ಜನ?
'ಹೊಟ್ಟೇಲಿರೋದೂ ಲೆಕ್ಕಾನಾ?' ಸೊಸೆ ನಕ್ಕಳು.
ಐದು ಎಂದು ಒತ್ತಿದೆ.
ಐದೂವರೆ ಎಂಬುದು ಈ ಚೌಕದ ಕಿವಿಗೆ ಬೀಳದು.

ಹುಟ್ಟಿದ ದಿನ?
ಚಮನ್‌ಬೀ ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು.
'ಮಿಲ್ಲಿನ ಸೈರನ್ನು ಆರು ದಿನ ಕೂಗದೇ ಇತ್ತಲ್ಲ,
ಆ ವರ್ಷದ ಮಳೆಗಾಲ.
ಮೋಡ ಕವಿದು ರಂಜಾನ್ ಚಂದ್ರ ಕಾಣಲಿಲ್ಲ ಅಂತ
ಅಬ್ಬಾ ಇನ್ನೊಂದು ರೋಜಾ ಹಿಡಿದ್ರಂತೆ.
ಆ ರಾತ್ರಿ ನಾನು.'

ಇಷ್ಟನ್ನು ಕೇಳಿಯೂ ಕರ್ಸರ್ ಮಿಟುಕುತ್ತಲೇ ಇತ್ತು,
ದಿನ, ತಿಂಗಳು, ವರ್ಷ.
ಇಂಥವರಿಗೆಂದೇ ಒಂದು ಗುಂಡಿ ಇದೆ: ಅಂದಾಜು.
ವಯಸ್ಸು ಕೊಟ್ಟರೆ ಉಳಿದದ್ದನ್ನು ತಾನೇ ತುಂಬುತ್ತದೆ.
ಸೈರನ್ನು, ಮೋಡ, ಕಾಣದ ಚಂದ್ರ ಒಳಗೆ ಹೋಗಿ
ಹೊರಗೆ ಬಂತು
೦೧-೦೧-೧೯೮೦.

ಎಲ್ಲ ಕಡೆ ಹಸಿರು ಟಿಕ್ಕು.

ಅವಳ ಹಿಂದೆ ಬಾಷುಮಿಯಾ, ಕೆಂಚವೀರಪ್ಪ, ದಿಲ್ಷಾದಬಿ,
ದನದ ಸಂತೆ ಜಾಗ ಬದಲಿಸಿದ ವರ್ಷದ ಹಾಲೇಶಿ.
ಸಂಜೆಯೊಳಗೆ ಇನ್ನೂರ ಹನ್ನೊಂದು ಮಂದಿ
ಜನವರಿ ಒಂದಕ್ಕೇ ಹುಟ್ಟಿದರು, ನನ್ನ ಕೈಯಿಂದ.

ಹೋಗುವ ಮುಂಚೆ ಭಟ್ಟಿಯೊಳಗೆ ಇಣುಕಿದೆ.
ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ಚಿಟಿಚಿಟಿ,
ಒಂದು ಉಸಿರಿಗೆ ಬೆಳ್ಳಗೆ ಉಬ್ಬಿತು.
ಜರಡಿಯ ಕೆಳಗೆ ಮರಳು, ಮೇಲೆ ಮಂಡಕ್ಕಿ.
'ಇದನ್ನ ಮತ್ತೆ ಅಕ್ಕಿ ಮಾಡೋಕೆ ಬರುತ್ತಾ?'
ಯಾಕೆ ಕೇಳಿದೆನೋ.
ಚಮನ್‌ಬೀ ಹೊಗೆಗೆ ಕೆಮ್ಮಿ ಕೆಮ್ಮಿ ನಕ್ಕಳು,
ಒಂದು ಸೇರು ಅಳೆದು ಮೇಲೆ ಒಂದು ಹಿಡಿ ಸುರಿದಳು.
ಆ ಹಿಡಿಗೆ ಲೆಕ್ಕವಿಲ್ಲ.

ಹೊಸ ವರ್ಷದ ಬೆಳಗ್ಗೆ ಆರಕ್ಕೆ
ಯಂತ್ರ ತನ್ನಷ್ಟಕ್ಕೆ ಶುಭಾಶಯ ಕಳಿಸಿತು.
ಇಡೀ ಓಣಿಯ ಫೋನು ಒಂದೇ ಸಲ ಟಿಣ್ ಎಂದವಂತೆ,
ನಾಯಿಗಳು ಎದ್ದು ಬೊಗಳಿದವಂತೆ.
'ಪ್ರಿಯ ಚಮನ್‌ಬೀ ಚುಕ್ಕಿ ಅಂತ ಬಂದೈತಿ,'
ರಸೀದಿಯ ಮೇಲಿನ ನಂಬರಿಗೆ ಅವಳದೇ ಕರೆ,
'ಬೆಲ್ಲ ಕಾಸಿ ಉಂಡಿ ಕಟ್ಟೀವಿ, ಬರ್ರಿ.
ನಿಮ್ಮದು ಯಾವತ್ತು ಮೇಡಂ?'

ಜೂನ್ ಒಂದು, ಎಂದೆ.
ಶಾಲೆಗೆ ಸೇರಿಸಿದಾಗ ಹೆಡ್‌ಮಾಸ್ತರು ಬರೆದುಕೊಂಡದ್ದು.
ಅವ್ವ ಹೇಳುವುದು ಬೇರೆ:
ಸುಲಿದ ಅವರೆಯ ಸೊಗಡು ಮನೆ ತುಂಬಿತ್ತು,
ಕೈಗೆ ಹತ್ತಿದ ಜಿಡ್ಡು ತೊಳೆಯಲೂ ಪುರುಸೊತ್ತಿರಲಿಲ್ಲ.

ಆ ಕಡೆ ಒಂದು ಗಳಿಗೆ ಸದ್ದಿಲ್ಲ.
ಎಣಿಸುತ್ತಿದ್ದಳೇನೋ.
'ಅವರೆಕಾಯಿ ಅಂದ್ರೆ ಈಗಲ್ವಾ?
ಇವತ್ತೇ ಅಂತ ಇಟ್ಕಳ್ರಿ, ಅಂದಾಜು.
ಉಂಡಿ ಆರೋದ್ರೊಳಗೆ ಬರ್ರಿ.'